ದಪ್ಪ ತಂತಿ, ಸಣ್ಣ ಆಸೆ

ನಿಜ ಹೇಳಿ, ಬೇಸ್ ಗಿಟಾರ್ ಯಾಕೆ ತಗೊಂಡ್ರಿ? ಆರು ತಂತಿಗಿಂತ ನಾಲ್ಕು ತಂತಿ ಸುಲಭ ಅಂತ ತಾನೆ? (ಪಕ್ಕದಲ್ಲಿ ಯಾರೂ ಇಲ್ಲ, ಒಪ್ಕೊಳ್ಳಿ.) ಬ್ಯಾಂಡಲ್ಲಿ ಹಿಂದೆ ನಿಂತು ಡುಮ್ ಡುಮ್ ಅಂತಿದ್ರಾಯ್ತು, ತಪ್ಪಿದ್ರೂ ಯಾರಿಗೂ ಗೊತ್ತಾಗಲ್ಲ ಅಂತ ನಿಮ್ಮ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಆದ್ರೆ ತಿಂಗಳು ಕಳೆಯೋಷ್ಟರಲ್ಲಿ ಇನ್ನೊಂದು ಸಂಕಟ ಶುರುವಾಯ್ತು ನೋಡಿ: ಸರಿಯಾಗಿ ನುಡಿಸಿದ್ರೂ ಯಾರಿಗೂ ಗೊತ್ತಾಗಲ್ಲ!

ಭಾನುವಾರ ಜಕ್ಕೂರಿನ ನಿಮ್ಮ ಫ್ಲಾಟಿಗೆ ಮಾವ ಬಂದಿರ್ತಾರೆ. “ಏನೋ ಕಲೀತಿದೀರಂತೆ, ನುಡಿಸಿ ನೋಡೋಣ” ಅಂತಾರೆ. ನೀವು ಕಣ್ಣು ಮುಚ್ಕೊಂಡು ಪೂರ್ತಿ ಪಲ್ಲವಿಗೆ ಬೇಸ್ ಕೊಟ್ಟು ಮುಗಿಸ್ತೀರಿ. ಮಾವ ಕಾಫಿ ಲೋಟ ಕೆಳಗಿಟ್ಟು, “ಚೆನ್ನಾಗಿದೆ. ಹಾಡು ಯಾವಾಗ ಶುರು?” ಅಂತಾರೆ.

ಅವತ್ತು ರಾತ್ರಿಯೇ ತಾನೆ ನೀವು ಶಪಥ ಮಾಡಿದ್ದು, ಇದೇ ದಪ್ಪ ತಂತಿ ಮೇಲೆ ಹಾಡು ನುಡಿಸಿ ತೋರಿಸ್ತೀನಿ ಅಂತ? ಮಾಡಿ, ಯಾರು ಬೇಡ ಅಂದ್ರು. ಆದ್ರೆ ನೀವು ಶುರು ಮಾಡಿದ್ದು ಎಲ್ಲಿಂದ? ಎಲ್ಲಕ್ಕಿಂತ ದಪ್ಪದ ‘ಇ’ ತಂತಿಯಿಂದ, ಅದೂ ಮೊದಲನೇ ಫ್ರೆಟ್ಟಿಂದ. ಆ ತಂತಿ ಬರೀದಾಗಿ ಮೀಟಿದ್ರೆ ಸೆಕೆಂಡಿಗೆ 41 ಸಲ ಅದುರುತ್ತೆ. ಆ ಪಾತಾಳದಲ್ಲಿ ಹಾಡ್ಕೊಂಡು ಬದುಕೋ ಮನುಷ್ಯರು ಯಾರಿದ್ದಾರೆ ಸ್ವಾಮಿ?

ಆದ್ರೆ ಆ ಸದ್ದು ಗೋಡೆಯನ್ನಂತೂ ದಾಟುತ್ತೆ. ಹಾಲಲ್ಲಿ ಕೂತ ಹೆಂಡತಿಗೆ ರಾಗ ಗೊತ್ತಾಗಲ್ಲ, ಕೆಳಗಿನ ಮನೆಯವರಿಗೆ ಮಾತ್ರ ಸ್ಲ್ಯಾಬ್ ಸಮೇತ ತಲುಪಿರುತ್ತೆ. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮೆಸೇಜ್ ಬರುತ್ತೆ: “ಸಂಪ್ ಮೋಟಾರ್ ಆನ್ ಮಾಡಿದವರು ದಯವಿಟ್ಟು ಆಫ್ ಮಾಡಿ.” (ನೀವೂ ಅದಕ್ಕೆ ಥಂಬ್ಸ್ ಅಪ್ ಹಾಕಿ ಸುಮ್ಮನಾಗಿದ್ರಿ, ನೆನಪಿದೆ.) ನಮ್ಮ ಜಕ್ಕೂರು ಏರೋಡ್ರೋಮಿಂದ ತರಬೇತಿ ವಿಮಾನ ಗುಂಯ್ ಅಂತ ಎದ್ದರೆ ಮಕ್ಕಳು ಬಾಲ್ಕನಿಗೆ ಓಡ್ತಾರೆ. ನಿಮ್ಮ ಗುಂಯ್‌ಗೆ ಬಾಗಿಲು ಹಾಕ್ಕೋತಾರೆ.

ಹಂಗಾದ್ರೆ ಏನು ಮಾಡೋದು? ಮೇಲೆ ಹತ್ತಿ. ಮಹಡಿಗಲ್ಲ, ಕತ್ತಿನ ಮೇಲೆ. ಎ ತಂತಿಯ ಮೂರನೇ ಫ್ರೆಟ್ ಸಾ ಅಂದ್ಕೊಳ್ಳಿ, ಐದನೇದು ರಿ. ಪಕ್ಕದ ಡಿ ತಂತಿಯಲ್ಲಿ ಎರಡು ಗಾ, ಐದು ಪಾ. ಜಿ ತಂತಿಯಲ್ಲಿ ಎರಡು ದಾ, ಐದು ಮೇಲಿನ ಸಾ. ಕೈ ಒಂದಿಂಚೂ ಸರಿಸದೆ ಮೋಹನ ರಾಗ ಬಂತಲ್ಲ! ಈಗ ಅದೇ ಬೆರಳಿನ ಚಿತ್ರವನ್ನ ಎತ್ಕೊಂಡು ಹೋಗಿ ಡಿ ತಂತಿಯ ಹತ್ತನೇ ಫ್ರೆಟ್ಟಲ್ಲಿಡಿ. ಹತ್ತು, ಹನ್ನೆರಡು, ಆಮೇಲೆ ಜಿ ತಂತಿಗೆ ದಾಟಿ ಒಂಬತ್ತು, ಹನ್ನೆರಡು. ಅಲ್ಲಿಗೆ ದಾಟೋಕೆ ಮುಂದಿನ ತಂತಿ ಇಲ್ಲ, ದಾ ಬೇಕಂದ್ರೆ ಅದೇ ತಂತಿ ಮೇಲೆ ಹದಿನಾಲ್ಕಕ್ಕೆ, ಸಾ ಬೇಕಂದ್ರೆ ಹದಿನೇಳಕ್ಕೆ ಜಾರಬೇಕು.

ಜಾರೋದು ಅಂದ್ನಲ್ಲ, ಅದರಲ್ಲೇ ಇದೆ ಮಜಾ. ಗಿಟಾರಿನವರ ಥರ ತಂತಿ ಎಳೆದು ಸ್ವರ ಬಗ್ಗಿಸೋಕೆ ಹೋದ್ರೆ ಈ ತಂತಿ ಬಗ್ಗಲ್ಲ, ನಿಮ್ಮ ಬೆರಳೇ ಬಗ್ಗುತ್ತೆ. ಆದ್ರೆ ಒತ್ತಿ ಹಿಡಿದು ಜಾರಿಸಿ ನೋಡಿ, ನಮ್ಮ ವೀಣೆಯವರ ಜಾರು ಗಮಕ ಇಲ್ಲೂ ಸಿಗುತ್ತೆ. ಈ ಮೇಲಿನ ಸೀಮೆ ಗಂಡು ಗಂಟಲಿಗೂ ಆರಾಮಾಗಿ ಸಿಗೋ ಜಾಗ, 130 ಹರ್ಟ್ಜ್ ಆಚೆಗೆ. ಇಲ್ಲಿ ನುಡಿಸಿದ್ರೆ “ಅರೆ, ಗೊತ್ತಿರೋ ಹಾಡು” ಅಂತ ಒಬ್ಬರಾದ್ರೂ ತಲೆ ಎತ್ತುತ್ತಾರೆ.

ಇನ್ನು ನಿಮ್ಮ ಬಲಗೈ. ಅದು ಬರೀ ಮೀಟೋಕೆ ಅಂದ್ಕೊಂಡಿದೀರಾ? ಹಾಡು ನುಡಿಸುವಾಗ ಅದರ ಅರ್ಧ ಸಂಬಳ ಮುಚ್ಚೋ ಕೆಲಸಕ್ಕೆ. ಹೆಬ್ಬೆರಳು ಕೆಳಸ್ವರದ ತಂತಿಗಳ ಮೇಲೆ ಮಲಗಿರಬೇಕು. ಇಲ್ಲಾಂದ್ರೆ ಹಿಂದಿನ ಸ್ವರ, ಮುಂದಿನ ಸ್ವರ ಎರಡೂ ಒಟ್ಟಿಗೆ ಗುನುಗಿ, ಕಲಸಿಟ್ಟ ಬಿಸಿಬೇಳೆ ಬಾತಲ್ಲಿ ಬಟಾಣಿ ಹುಡುಕಿದ ಹಾಗಾಗುತ್ತೆ ಕೇಳೋರ ಗತಿ.

ಸರಿ, ಇಷ್ಟೆಲ್ಲ ಆದ್ಮೇಲೂ ಹಾಡು ಬರ್ತಿಲ್ಲ ಅಲ್ವಾ? ತಂತಿ ಹಳೇದಾಯ್ತು ಅಂದ್ರಿ, ಬದಲಾಯಿಸಿದ್ರಿ. ಆಂಪ್ ಸರಿಯಿಲ್ಲ ಅಂದ್ರಿ, ಹೊಸದು ಬಂತು. ಈಗ ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ: ನಿಮಗೆ ಆ ಹಾಡು ಬರುತ್ತಾ? ಸಾಹಿತ್ಯ ಬಿಟ್ಟು ಬರೀ ಲಲಲಾ ಅಂತ ಹಾಡಿ ಕೇಳೋಣ.

ಹ್ಞೂಂ, ಎರಡನೇ ಸಾಲಲ್ಲೇ ಗಾಡಿ ನಿಂತೋಯ್ತು! ಇಪ್ಪತ್ತು ವರ್ಷದಿಂದ ಬಾತ್‌ರೂಮಲ್ಲಿ ಹಾಡ್ತಿದ್ದದ್ದು ಬರೀ ಮಾತು. ಸ್ವರ ಹಿಂದೆ ನಿಂತಿದ್ದ ಎಸ್ಪಿಬಿ ಅವರದ್ದು. (ಮರೆತ ಜಾಗದಲ್ಲೆಲ್ಲ ಅವರೇ ತಾನೆ ನಿಮ್ಮನ್ನ ದಾಟಿಸಿದ್ದು?) ಮಾತೇ ಇಲ್ಲದ ಬೇಸ್ ಎದುರಿಗೆ ಈ ಕಳ್ಳಾಟ ನಡೆಯಲ್ಲ. ಮೊದಲು ಗಂಟಲಲ್ಲಿ ಸಾಲು ನಿಲ್ಲಬೇಕು, ಆಮೇಲೆ ಬೆರಳಿಗೆ ಇಳಿಯುತ್ತೆ.

ಹಾಗಂತ ಬೇಸಿನವರಿಗೆ ರಾಗ ಪರದೇಶ ಅಂತಲ್ಲ. ಇಳಯರಾಜ ಸಂಗೀತ ಕೊಟ್ಟ 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಹಾಡುಗಳನ್ನ ಒಂದ್ಸಲ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ದನಿಯನ್ನ ಬಿಟ್ಟು ತಳದಲ್ಲಿ ನಡೀತಿರೋದನ್ನ ಹಿಡೀರಿ. ಅಲ್ಲಿ ಇನ್ನೊಂದು ಹಾಡೇ ಓಡಾಡ್ತಿರುತ್ತೆ. ಇಷ್ಟು ವರ್ಷ ‘ಗೀತಾ’ದಲ್ಲಿ ಶಂಕರ್‌ನಾಗ್ ನೋಡ್ಕೊಂಡು ಕೂತಿದ್ರಲ್ಲ, ಅದು ನಿಮ್ಮ ಕಿವಿಗೆ ಬಿದ್ದಿತ್ತಾ?

ಫೋನಲ್ಲಿ ಕೇಳಿ ಇಲ್ಲ ಅನ್ನಬೇಡಿ. ಫೋನಿನ ಪುಟಾಣಿ ಸ್ಪೀಕರಲ್ಲಿ ಬೇಸಿನ ತಳ ಸರಿಯಾಗಿ ಹೊರಡೋದೇ ಇಲ್ಲ. ನೀವು ಮೊನ್ನೆ ನ್ಯೂಜೆರ್ಸಿಯ ಕಸಿನ್‌ಗೆ ಕಳಿಸಿದ ವಾಯ್ಸ್ ನೋಟಿನ ಕಥೆಯೂ ಅದೇ. ಅವನಿಗೆ ಕೇಳಿದ್ದು ನಿಮ್ಮ ಬೆರಳಿನ ಟಕಟಕ. ಪಾಪ, “ತಬಲಾ ಯಾವಾಗ ಶುರು ಮಾಡ್ದೆ?” ಅಂತ ಪ್ರೀತಿಯಿಂದಲೇ ಕೇಳಿದ.

ಬೇಸಲ್ಲೂ ಹಾಡು ನುಡಿಸಬಹುದು ಅನ್ನೋದಕ್ಕೆ ಸಾಕ್ಷಿ ಬೇಕಾ? ಅಮೆರಿಕದ ಜಾಕೋ ಪ್ಯಾಸ್ಟೋರಿಯಸ್ ಅಂತೊಬ್ಬ ಇದ್ದ. 1976ರಲ್ಲಿ ಬಂದ ತನ್ನ ಮೊದಲ ಆಲ್ಬಂನ ಮೊದಲ ಟ್ರ್ಯಾಕಲ್ಲೇ, ಸ್ಯಾಕ್ಸೊಫೋನಿನವರು ಉಸಿರು ಕಟ್ಟಿ ನುಡಿಸೋ ‘ಡೋನಾ ಲೀ’ಯನ್ನ ಬೇಸಲ್ಲಿ ನುಡಿಸಿಬಿಟ್ಟ. ಜೊತೆಗಿದ್ದದ್ದು ಬರೀ ಕಾಂಗಾ ವಾದ್ಯ. ಅದನ್ನ ಕಲಿಸೋ ವಿಡಿಯೋ ಪಾಠ ನೀವು ಸೇವ್ ಮಾಡಿಟ್ಟಿದೀರಿ, ನೋಡಿಲ್ಲ. (ಸೇವ್ ಮಾಡಿದಾಗಲೇ ಅರ್ಧ ಕಲಿತ ಸಮಾಧಾನ, ಅಲ್ವಾ?)

ಇಷ್ಟು ದೂರ ಯಾಕೆ, 2007ರ ಮಾರ್ಚಲ್ಲಿ ನಮ್ಮ ಅರಮನೆ ಮೈದಾನಕ್ಕೇ ಐರನ್ ಮೇಡನ್ ಬಂದಿತ್ತು. ಆ ಬ್ಯಾಂಡ್ ಕಟ್ಟಿದವನು ಸ್ಟೀವ್ ಹ್ಯಾರಿಸ್, ಬೇಸ್ ನುಡಿಸೋನು. ಹಿಂದೆ ನಿಲ್ಲೋ ಜಾಯಮಾನವೇ ಅಲ್ಲ, ಒಂದು ಕಾಲು ಸ್ಪೀಕರ್ ಮೇಲಿಟ್ಟು ಮುಂದೇ ನಿಲ್ತಾನೆ. ಇನ್ನು ರಘು ದೀಕ್ಷಿತ್ ಅಂದ್ರೆ ನಿಮಗೆ ಲುಂಗಿ ನೆನಪಾಗುತ್ತೆ, ಗೆಜ್ಜೆ ನೆನಪಾಗುತ್ತೆ. ಅವರ ಬ್ಯಾಂಡ್ ‘ರಘು ದೀಕ್ಷಿತ್ ಪ್ರಾಜೆಕ್ಟ್’ನಲ್ಲಿ ಬೇಸ್ ನುಡಿಸಿದ ಗೌರವ್ ವಾಜ್ ಹೆಸರು? ನೋಡಿ, ನೀವೇ ಬೇಸ್ ಕಲೀತಿದೀರಿ, ನಿಮಗೇ ಗೊತ್ತಿಲ್ಲ. ಮಾವನ ಮೇಲೆ ಮುನಿಸು ಬೇರೆ!

ಕ್ಲಾಸಿಗೆ ಹೋಗಿ ಅಂದ್ರೆ ನಿಮ್ಮ ಹತ್ರ ಉತ್ತರ ರೆಡಿ. ಆರ್.ಟಿ. ನಗರದಲ್ಲಿ 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಪಾಶ್ಚಾತ್ಯ ಸಂಗೀತಕ್ಕೆ ಹೆಸರಾದ ಜಾಗ. “ಹೆಬ್ಬಾಳ ಫ್ಲೈಓವರ್ ದಾಟಬೇಕಲ್ರೀ” ಅಂತೀರಿ. ಅದೇ ಫ್ಲೈಓವರ್ ದಾಟಿ ದೋಸೆಗೆ ಮಲ್ಲೇಶ್ವರದ ತನಕ ಹೋಗ್ತೀರಲ್ಲ, ಆಗ ಟ್ರಾಫಿಕ್ ರಜೆ ಹಾಕಿರುತ್ತಾ?

ಹೋಗ್ಲಿ ಬಿಡಿ. ಮನೆಯಲ್ಲೇ ಕೂತ್ಕೊಳ್ಳಿ, ಹೆಡ್‌ಫೋನ್ ಹಾಕ್ಕೊಳ್ಳಿ, ಒಂದೇ ಒಂದು ಸಾಲು ಹತ್ತನೇ ಫ್ರೆಟ್ಟಿನ ಆಚೆ ನುಡಿಸಿ. ಪೂರ್ತಿ ಹಾಡಿನ ಆಸೆ ಸದ್ಯಕ್ಕೆ ಬೇಡ. ಏನು, ಕೈಯಲ್ಲಿ ಫೋನ್ ಯಾಕೆ? ಐದು ತಂತಿಯ ಬೇಸ್ ನೋಡ್ತಿದೀರಾ? ಆ ಐದನೇದು ಸಾಮಾನ್ಯವಾಗಿ ಇನ್ನೂ ಕೆಳಗಿನ ಬಿ ಕಣ್ರೀ, 31 ಹರ್ಟ್ಜ್! ನಿಮಗೆ ಬೇಕಾದ ಹಾಡಿರೋದು ಮೇಲಿನ ಕಡೆ, ನೀವು ದುಡ್ಡು ಕೊಡ್ತಿರೋದು ಕೆಳಗಿನ ಕಡೆಗೆ. ಕಾರ್ಟಿಂದ ತೆಗೀರಿ ಮೊದಲು.

ಅಯ್ಯೋ, ಓಟಿಪಿನೂ ಕೊಟ್ಟಾಯ್ತಾ?