ದೂರದ ದುರಂತಕ್ಕೆ ಮರುಗುವ ಕ್ರಮ

ಮೊದಲು ಜಾಗ ದೂರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಹತ್ತಿರದ್ದಾದರೆ ಯಾರಾದರೂ ಸಲಿಕೆ ಕೈಗೆ ಕೊಟ್ಟುಬಿಟ್ಟಾರು.

ಆಮೇಲೆ ಬೀರು ತೆಗೆಯಿರಿ. ಸಂತ್ರಸ್ತರಿಗೆ ಏನು ಬೇಕೆಂದು ವಿಚಾರಿಸುತ್ತ ಕೂರಬೇಡಿ. ನಿಮಗೆ ಬೇಡವಾದದ್ದೇ ಅವರಿಗೆ ಬೇಕಾದದ್ದು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ದೇಶವೇ ಈ ಸೂತ್ರ ಪಾಲಿಸಿತು. ನಾಗಪಟ್ಟಣಂ ಕಡೆಯ ರಸ್ತೆಬದಿಗಳಲ್ಲಿ ಹಳೆಬಟ್ಟೆ ರಾಶಿ ಬಿತ್ತು, ಮೀನುಗಾರರು ಮೂಸಿಯೂ ನೋಡಲಿಲ್ಲ. ಅದಕ್ಕೆಲ್ಲ ಬೇಸರಪಡಬೇಡಿ. ಕರಾವಳಿಯ ಸೆಕೆಗೆ ಉಣ್ಣೆಯ ಸ್ವೆಟರ್ ಕಳಿಸಿ. ಪ್ಯಾಂಟಾದರೆ ಜಿಪ್ಪು ಕೆಟ್ಟದ್ದು, ಸೀರೆಯಾದರೆ ಫಾಲ್ ಬಿಚ್ಚಿಕೊಂಡದ್ದು. ಅಂಗಿಯ ಗುಂಡಿಗಳನ್ನು ಮೊದಲೇ ಕಿತ್ತು ಡಬ್ಬಿಗೆ ಹಾಕಿಟ್ಟುಕೊಳ್ಳಿ, ಮನೆಯಲ್ಲಿ ಎಂದಾದರೂ ಬೇಕಾಗುತ್ತವೆ. ದುಡ್ಡು ಮಾತ್ರ ಕಳಿಸಬೇಡಿ. ದುಡ್ಡು ಸಿಕ್ಕರೆ ಅವರು ತಮಗೆ ಬೇಕಾದ್ದನ್ನೇ ಕೊಂಡುಬಿಡುತ್ತಾರೆ.

ಲಾರಿಯ ಬ್ಯಾನರಿನಲ್ಲಿ ನಿಮ್ಮ ಫೋಟೊ ಊರಿನ ಹೆಸರಿಗಿಂತ ದೊಡ್ಡದಿರಲಿ.

ಈಗ ದೇವರ ಕಡೆ ತಿರುಗಿ. ಪ್ರಾರ್ಥನೆಗೆ ಲಾರಿ ಬಾಡಿಗೆಯಿಲ್ಲ, ಧಾರಾಳವಾಗಿ ಮಾಡಿ. ನಂತರ ಇದು ಯಾರ ಪಾಪದ ಫಲವೆಂದು ತೀರ್ಮಾನಿಸಿ. ಅದಕ್ಕೆ ದೊಡ್ಡವರ ಮೇಲ್ಪಂಕ್ತಿಯೇ ಇದೆ: 1934ರ ಬಿಹಾರದ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿಯೇ ಹೇಳಿದ್ದರು. ಆದರೆ ಅವರು ಪಾಪಿಗಳ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಿಕೊಂಡಿದ್ದರು. ನೀವು ಹಾಗೆ ಮಾಡಲು ಹೋಗಬೇಡಿ. ಟಾಗೋರರು ಗಾಂಧೀಜಿಯ ಆ ಮಾತನ್ನು ಬಹಿರಂಗವಾಗಿ ಆಕ್ಷೇಪಿಸಿದ ಸಂಗತಿಯನ್ನು ಹಾರಿಸಿಬಿಡಿ. ಪಾಪ ಆರಿಸುವಾಗ ನಿಮ್ಮ ಮನೆಯಲ್ಲಿ ಇಲ್ಲದ್ದನ್ನೇ ಆರಿಸಿ. ಮಾಂಸಾಹಾರ, ಹೆಂಗಸರ ಉಡುಪು, ಬೇರೆಯವರ ಮತ, ಯಾವುದಾದರೂ ಸರಿ.

ಪವಾಡವೊಂದನ್ನೂ ಹುಡುಕಿಟ್ಟುಕೊಳ್ಳಿ. 2013ರ ಜೂನ್‌ನಲ್ಲಿ ಕೇದಾರನಾಥದ ಹಿಂದೆ ದೊಡ್ಡ ಬಂಡೆ ಬಂದು ನಿಂತು ನೀರು ಕವಲೊಡೆಯಿತು, ಗುಡಿ ಉಳಿಯಿತು. ಸುನಾಮಿಯಲ್ಲಿ ವೇಲಾಂಕಣಿಯ ಚರ್ಚೂ ಉಳಿಯಿತು. ಎರಡೂ ಕಡೆ ಹೊರಗಿದ್ದ ಯಾತ್ರಿಕರು ಕೊಚ್ಚಿಹೋದರು. ಆ ಮಾತೆತ್ತಿದವರನ್ನು ನಾಸ್ತಿಕರೆಂದು ಕರೆದು ವಿಷಯ ಬದಲಿಸಿ.

ಅಷ್ಟರಲ್ಲಿ ಟೀವಿಯವರು ಕ್ರಿಕೆಟ್ಟಿಗೆ ಹೋಗಿರುತ್ತಾರೆ, ನೀವೂ ಹೋಗಿ. ಇಷ್ಟಾದ ಮೇಲೂ ಯಾರಾದರೂ ಬಾಗಿಲಿಗೆ ಬಂದು ದುಡ್ಡೇ ಬೇಕೆಂದು ಪಟ್ಟು ಹಿಡಿದರೆ ಚೆಕ್ ಬರೆದುಕೊಟ್ಟು ರಸೀದಿ ಕೇಳಿ ಪಡೆಯಿರಿ. ನಗದು ದಾನ 2,000 ರೂಪಾಯಿ ದಾಟಿದರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ.