ಕುಬ್ಜ ಕವಿಗಳಿಗೆ ಒಬ್ಬ ಗುತ್ತಿಗೆ ಬರಹಗಾರನ ಬಹಿರಂಗ ಪತ್ರ

ಗೆ,
ಶ್ರೀ ಕುಬ್ಜ ಕವಿಗಳು,
ಕದಂಬ ಶಾಂತಿವರ್ಮನ ಆಸ್ಥಾನ,
ಹಾಲಿ ವಾಸ: ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬ, ತಾಳಗುಂದ, ಶಿಕಾರಿಪುರ ತಾಲ್ಲೂಕು.

ವಿಷಯ: ಸರ್ಕಾರಿ ದಾಖಲೆಯೊಂದರಲ್ಲಿ ಅದನ್ನು ಬರೆದವರೇ ತಮ್ಮ ಹೆಸರು ಹಾಕಿಕೊಂಡಿರುವ ಬಗ್ಗೆ ವಿವರಣೆ ಕೋರಿ.

ಮಾನ್ಯರೇ,

ನಾನು ಸೊರಬದ ಕಡೆಯವನು. ಅಣು ವಿದ್ಯುತ್ ಸ್ಥಾವರಗಳಿಗೆ ಪ್ರೊಸೀಜರ್ ಬರೆದುಕೊಡುವ ಗುತ್ತಿಗೆ ಬರಹಗಾರ. ಯಾವ ವಾಲ್ವನ್ನು ಯಾವಾಗ ತಿರುಗಿಸಬೇಕು, ತಿರುಗಿಸುವ ಮುಂಚೆ ಯಾರ ಅಪ್ಪಣೆ ಪಡೆಯಬೇಕು, ತಿರುಗಿಸಿದ ಮೇಲೆ ಎಲ್ಲಿ ಸಹಿ ಹಾಕಬೇಕು, ತಿರುಗದೇ ಹೋದರೆ ಯಾರಿಗೆ ಫೋನು ಮಾಡಬೇಕು, ಇಂಥವನ್ನು ನಂಬರು ಹಾಕಿ ಬರೆಯುವುದು ನನ್ನ ಕಸುಬು. ಯಾವ ಸ್ಥಾವರ, ಯಾವ ಏಜೆನ್ಸಿ ಎಂದು ಕೇಳಬೇಡಿ. ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಸಂಬಳದ್ದು ಒಂದೇ ಹಾಳೆ, ಉಳಿದ ಕಟ್ಟೆಲ್ಲ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಎಂಬುದರ ಕುರಿತೇ ಇತ್ತು. ಹಾಗಾಗಿ ಈ ಪತ್ರದಲ್ಲಿ ಗುಟ್ಟೇನೂ ಇಲ್ಲ. ಗುಟ್ಟು ಗೊತ್ತಾಗುವಷ್ಟು ಹತ್ತಿರಕ್ಕೆ ನಮ್ಮನ್ನು ಬಿಡುವುದೂ ಇಲ್ಲ.

ಶಿಕಾರಿಪುರಕ್ಕೆ ಹೋಗುವಾಗ ಶಿರಾಳಕೊಪ್ಪದಲ್ಲಿ ಬಸ್ಸಿಳಿದು ತಾಳಗುಂದದ ನಿಮ್ಮ ಶಾಸನದ ಕಂಬವನ್ನು ನೋಡಿಕೊಂಡು ಹೋಗುವ ಅಭ್ಯಾಸ ನನಗಿದೆ. ಜನ ಅದನ್ನು ಕದಂಬರ ಇತಿಹಾಸ ಅನ್ನುತ್ತಾರೆ. ಕಸುಬಿನವನ ಕಣ್ಣಿಗೆ ಅದು ಬೇರೆಯೇ ಕಾಣುತ್ತದೆ. ಕಾಕುಸ್ಥವರ್ಮ ದೇವಸ್ಥಾನದ ಬಳಿ ಒಂದು ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮ ಅದನ್ನು ದಾಖಲು ಮಾಡಿ ಎಂದು ನಿಮಗೆ ಹೇಳಿದ. ನೀವು ಮಾಡಿದಿರಿ. ಅಂದರೆ ಐದನೇ ಶತಮಾನದ ನೀರಾವರಿ ಕಾಮಗಾರಿಯೊಂದಕ್ಕೆ ನೇಮಕವಾದ ತಾಂತ್ರಿಕ ಬರಹಗಾರರು ನೀವು. ನಮ್ಮ ಕುಲದ ಮೂಲಪುರುಷರು. ಈ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಕಂಬ ನಮ್ಮ ಏಜೆನ್ಸಿಯ ತಪಾಸಕರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದೀರಾ? ನಾನು ಯೋಚಿಸಿದ್ದೇನೆ. ಕೆಂಪು ಶಾಯಿಯ ಆಕ್ಷೇಪಣೆಗಳು ಹೀಗಿರುತ್ತವೆ. ದಾಖಲೆಯ ಉದ್ದೇಶ ಕೆರೆ. ಆದರೆ 34 ಪದ್ಯಗಳಲ್ಲಿ ಕೆರೆಯ ಪ್ರಸ್ತಾಪ ಬರುವುದು ಕೊನೆಕೊನೆಗೆ. ಬಂದಾಗಲೂ ಕೆರೆ ದೊಡ್ಡದು ಎಂಬುದು ಬಿಟ್ಟರೆ ವಿಸ್ತೀರ್ಣವಿಲ್ಲ, ತೂಬಿನ ಅಳತೆಯಿಲ್ಲ, ಕೋಡಿಯ ಎತ್ತರವಿಲ್ಲ. ಅಕ್ಷರಗಳು ಎಂಟು ಮುಖದ ಕಂಬದ ಬುಡದಿಂದ ಮೇಲಕ್ಕೆ ಹತ್ತುತ್ತವೆ. ಓದುವ ಸಿಬ್ಬಂದಿಯ ಕತ್ತಿನ ಆರೋಗ್ಯದ ದೃಷ್ಟಿಯಿಂದ ಇದು ಸಮ್ಮತವಲ್ಲ.

ಅತಿ ಗಂಭೀರ ಆಕ್ಷೇಪಣೆ ನೀವು ಬರೆದ ಮಯೂರಶರ್ಮನ ಪ್ರಕರಣಕ್ಕೆ. ನಮ್ಮಲ್ಲಿ ಸಣ್ಣ ಎಡವಟ್ಟಾದರೂ ಘಟನಾ ವರದಿ ಬರೆಯಬೇಕು, ಅದಕ್ಕೊಂದು ನಮೂನೆ ಇದೆ. ಅದರಲ್ಲಿ ನಿಮ್ಮ ಕಥೆ ತುಂಬಿದರೆ ಹೀಗಾಗುತ್ತದೆ. ಘಟನೆ: ಗುರುವಿನ ಜೊತೆ ಕಂಚಿಗೆ ಓದಲು ಹೋದ ತಾಳಗುಂದದ ವಿದ್ಯಾರ್ಥಿ ಮಯೂರಶರ್ಮನಿಗೂ ಪಲ್ಲವರ ಕುದುರೆ ಸವಾರನಿಗೂ ಜಗಳ. ಮೂಲ ಕಾರಣ: ನಮೂದಾಗಿಲ್ಲ. ಸರಿಪಡಿಸುವ ಕ್ರಮ: ವಿದ್ಯಾರ್ಥಿ ಓದು ಬಿಟ್ಟು ಕತ್ತಿ ಹಿಡಿದು ಹೊಸ ರಾಜವಂಶ ಸ್ಥಾಪಿಸಿದ್ದಾನೆ. ಮರುಕಳಿಸದಂತೆ ಕೈಗೊಂಡ ಎಚ್ಚರಿಕೆ: ಇಲ್ಲ. ಜಗಳವೊಂದಕ್ಕೆ ಇಷ್ಟು ದುಬಾರಿ ಪರಿಹಾರ ಹುಡುಕಿದ್ದಕ್ಕೆ ಆಡಿಟ್‌ನವರು ಇವತ್ತಿಗೂ ಫೈಲು ಮುಚ್ಚುತ್ತಿರಲಿಲ್ಲ.

ಇಷ್ಟಾದ ಮೇಲೂ ನೀವು ಕೊನೆಯಲ್ಲಿ ಏನು ಮಾಡಿದ್ದೀರಿ? ರಾಜನ ಆಜ್ಞೆಯಂತೆ ಕುಬ್ಜನೆಂಬ ನಾನು ನನ್ನದೇ ಕಾವ್ಯವನ್ನು ಈ ಕಲ್ಲಿನ ಮೇಲೆ ಬರೆದೆ ಎಂಬ ಅರ್ಥದಲ್ಲಿ ನಿಮ್ಮ ಹೆಸರನ್ನು ಕೂರಿಸಿಬಿಟ್ಟಿದ್ದೀರಿ. ಯಾವ ನಿಯಮದಡಿ? ನಮ್ಮ ದಾಖಲೆಗಳ ಮೊದಲ ಪುಟದಲ್ಲಿ ಮೂರು ಚೌಕಗಳಿರುತ್ತವೆ. ಸಿದ್ಧಪಡಿಸಿದವರು ಎಂಬಲ್ಲಿ ನಾನು ಬರೆದದ್ದನ್ನು ಓದಿದವರು ಸಹಿ ಹಾಕುತ್ತಾರೆ. ಪರಿಶೀಲಿಸಿದವರು ಎಂಬಲ್ಲಿ ಓದಬೇಕಾಗಿದ್ದವರು. ಅನುಮೋದಿಸಿದವರು ಎಂಬಲ್ಲಿ ಓದಲು ಪುರುಸೊತ್ತಿಲ್ಲದವರು. ನಾಲ್ಕನೆಯ ಚೌಕ ಇಲ್ಲ. ಗುತ್ತಿಗೆಯವರ ಸಹಿಗೆ ಬೆಲೆ ಬರುವುದು ಹಾಜರಿ ಪುಸ್ತಕದಲ್ಲಿ ಮಾತ್ರ, ಅದೂ ತಡವಾಗಿ ಬಂದ ದಿನ.

ನಿಮಗಿದ್ದ ಇನ್ನೊಂದು ಅನುಕೂಲ ಹೇಳುತ್ತೇನೆ. ಕೆರೆ ನಿಮ್ಮ ಕಣ್ಣೆದುರಿಗಿತ್ತು. ನಾನು ಪುಟಗಟ್ಟಲೆ ಬರೆಯುವ ಪಂಪನ್ನು ನಾನು ನೋಡಿಲ್ಲ. ಒಳಗಿನ ಪಾಸು ಗುತ್ತಿಗೆ ಬರಹಗಾರರಿಗಿಲ್ಲ. ಡ್ರಾಯಿಂಗ್ ಇದೆ, ಹಳೆಯ ಪ್ರೊಸೀಜರ್ ಇದೆ, ಬೇರೆ ಯಾವುದೋ ಪಂಪಿನ ಫೋಟೋ ಇದೆ. ಆ ಪಂಪಿನ ಪಕ್ಕದಲ್ಲೇ ತಲೆ ಹಣ್ಣಾದ ಆಪರೇಟರನಿಗೆ ಅದರ ಉಸಿರು ಕೇಳಿಯೇ ಆರೋಗ್ಯ ಗೊತ್ತಾಗುತ್ತದೆ, ಆದರೆ ಬರೆಯುವುದು ಅವನ ಕೆಲಸವಲ್ಲ. ಅವನು ನನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚುತ್ತಾನೆ: ಈ ಹಿಡಿ ಬಿಗಿ, ತುಸು ಜಾಸ್ತಿ ಬಲ ಬೇಕು. ಇಡೀ ಪುಸ್ತಕದಲ್ಲಿ ಪಂಪನ್ನು ನೋಡಿ ಬರೆದ ವಾಕ್ಯ ಅದೊಂದೇ. ಮುಂದಿನ ತಪಾಸಣೆಯಲ್ಲಿ ಅದನ್ನು ಅನಧಿಕೃತ ಬರಹವೆಂದು ಅಳಿಸಿ ಹಾಕಲಾಗುತ್ತದೆ. ಆ ಗೀಚಿದ ಮಾತನ್ನು ಒಳಗೆ ಸೇರಿಸಿ ಅಧಿಕೃತ ಮಾಡುವುದಕ್ಕೂ ದಾರಿಯಿದೆ. ಅದಕ್ಕೊಂದು ತಿದ್ದುಪಡಿ ಫಾರಂ, ಫಾರಮ್ಮಿಗೆ ಮೂರು ಸಹಿ. ಅಷ್ಟರೊಳಗೆ ನನ್ನ ಗುತ್ತಿಗೆ ಮುಗಿದಿರುತ್ತದೆ. ಸ್ಥಾವರದ ಆಯಸ್ಸು ದಶಕಗಳದ್ದು, ಅದು ಹೇಗೆ ನಡೆಯಬೇಕೆಂದು ಬರೆಯುವವನ ಆಯಸ್ಸು ಹನ್ನೊಂದು ತಿಂಗಳದ್ದು.

ತಿದ್ದುಪಡಿ ಎಂದಾಗ ನೆನಪಾಯಿತು. ನಿಮ್ಮ ನೆರೆಯ ಮಳವಳ್ಳಿಯ ಕಂಬ (ಮಂಡ್ಯದ್ದಲ್ಲ, ನಮ್ಮ ಶಿಕಾರಿಪುರದ್ದು) ನನಗೆ ಬಹಳ ಇಷ್ಟ. ಮೇಲೆ ಚುಟು ವಂಶದ ಸಾತಕರ್ಣಿ ಪ್ರಾಕೃತದಲ್ಲಿ ಕೊಟ್ಟ ದಾನ. ಕೆಳಗೆ, ಅದೇ ಕಂಬದಲ್ಲಿ, ನಿಂತುಹೋಗಿದ್ದ ಆ ದಾನವನ್ನು ಮತ್ತೆ ಕೊಟ್ಟ ಕದಂಬ ಅರಸನ ಬರಹ. ಹಳೆಯದನ್ನು ಕೆರೆದು ಹಾಕಿಲ್ಲ. ಸರ್ಕಾರ ಬದಲಾಗಿದೆ, ರಾಜವಂಶವೇ ಬದಲಾಗಿದೆ, ಮೊದಲ ಆವೃತ್ತಿಯೂ ಎರಡನೆಯದೂ ಒಂದೇ ಕಲ್ಲಿನಲ್ಲಿ ನೆಮ್ಮದಿಯಾಗಿವೆ. ಯಾವುದು ಜಾರಿಯಲ್ಲಿದೆ ಎಂದು ದನ ಕಾಯುವ ಹುಡುಗನೂ ಹೇಳಬಲ್ಲ: ಕೆಳಗಿನದು. ನಮ್ಮ ಸರ್ವರಿನಲ್ಲಿ ಅಂತಿಮ, ಅಂತಿಮ ಎರಡು, ನಿಜವಾದ ಅಂತಿಮ ಎಂಬ ಮೂರು ಫೈಲುಗಳಿರುತ್ತವೆ. ಜಾರಿಯಲ್ಲಿರುವುದು ಯಾರದೋ ಪೆನ್ ಡ್ರೈವಿನಲ್ಲಿರುತ್ತದೆ.

ನೀವು ನಕ್ಕರೂ ಇದು ನಗುವ ವಿಷಯವಲ್ಲ ಎಂಬುದಕ್ಕೆ ಒಂದು ಕಥೆ ಹೇಳಬೇಕು. ಚೆರ್ನೋಬಿಲ್ ಎಂಬ ಊರಿನ ಸ್ಥಾವರ 1986ರ ಏಪ್ರಿಲ್ 26ರಂದು ಸಿಡಿಯಿತು. ಅದರ ತನಿಖೆಯಲ್ಲಿದ್ದ ಲೆಗಾಸೊವ್ ಎಂಬ ವಿಜ್ಞಾನಿ ಆಪರೇಟರುಗಳ ಫೋನು ಮಾತಿನ ದಾಖಲೆಯೊಂದನ್ನು ನೆನೆದಿದ್ದಾರೆ. ಪರೀಕ್ಷೆಯ ಕಾರ್ಯಕ್ರಮದ ಹಾಳೆಯಲ್ಲಿ ಏನು ಮಾಡಬೇಕೆಂದು ಬರೆದಿದೆ, ಆಮೇಲೆ ಬಹಳಷ್ಟನ್ನು ಹೊಡೆದು ಹಾಕಿದ್ದಾರೆ, ನಾನೇನು ಮಾಡಲಿ ಎಂದು ಒಬ್ಬ ಕೇಳುತ್ತಾನೆ. ಆ ಕಡೆಯವನು ಸ್ವಲ್ಪ ಯೋಚಿಸಿ, ಹೊಡೆದು ಹಾಕಿದ್ದನ್ನೇ ಮಾಡು ಅನ್ನುತ್ತಾನೆ. ಆ ಹಾಳೆಯನ್ನು ಬರೆದವನ ಹೆಸರು ನನಗೆ ಗೊತ್ತಿಲ್ಲ. ಹೊಡೆದು ಹಾಕಿದವನದ್ದೂ.

ನಮ್ಮ ಕಸುಬಿಗೆ ಗಿರಾಕಿ ಹುಟ್ಟಿದ್ದೂ ಅಪಘಾತದಿಂದಲೇ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್‌ನಲ್ಲಿ ಒಂದು ವಾಲ್ವು ತೆರೆದೇ ಉಳಿಯಿತು. ಕಂಟ್ರೋಲ್ ರೂಮಿನ ದೀಪ ಮಾತ್ರ ಅದು ಮುಚ್ಚಿದೆ ಎಂಬಂತೆ ಆರಿತ್ತು. ಆ ದೀಪ ಅಸಲಿಗೆ ತೋರಿಸುತ್ತಿದ್ದದ್ದು ಮುಚ್ಚಲು ಆದೇಶ ಹೋಗಿದೆ ಎಂಬುದನ್ನು. ವಾಲ್ವು ಮುಚ್ಚಿತೋ ಇಲ್ಲವೋ ಎಂಬುದನ್ನಲ್ಲ. (ಸಂಬಳ ಹಾಕಿದ್ದೇವೆ ಎಂದು ಏಜೆನ್ಸಿ ಕಳಿಸುವ ಮೆಸೇಜೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.) ತನಿಖೆ ನಡೆಸಿದ ಕೆಮೆನಿ ಆಯೋಗ ಅಲ್ಲಿನ ಪ್ರೊಸೀಜರುಗಳೇ ಗೊಂದಲದ ಗೂಡು ಎಂದು ಬರೆಯಿತು. 1982ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ ತುರ್ತು ಪ್ರೊಸೀಜರ್ ಬರೆಯುವುದು ಹೇಗೆ ಎಂದೇ ಒಂದು ಕೈಪಿಡಿ ಹೊರಡಿಸಿತು. ಎಚ್ಚರಿಕೆಯ ಮಾತು ಕೆಲಸಕ್ಕಿಂತ ಮೊದಲು ಬರಬೇಕು ಎಂಬಂಥ ಸರಳ ಸಂಗತಿಗಳು. ಕೈಯನ್ನು ಬಿಸಿ ಪೈಪಿನ ಮೇಲಿಟ್ಟ ಮೇಲೆ ಮುಂದಿನ ಪುಟದಲ್ಲಿ ಪೈಪು ಬಿಸಿಯಿದೆ ಎಂದು ಓದುವುದರಿಂದ ಪ್ರಯೋಜನವಿಲ್ಲ ಎಂದು ಜಗತ್ತಿಗೆ ಗೊತ್ತಾಗಲು ಒಂದು ರಿಯಾಕ್ಟರು ಕರಗಬೇಕಾಯಿತು.

ನಮ್ಮ ಕೈಗಾ ಅಣು ಸ್ಥಾವರ ಇದೆಯಲ್ಲ, ಘಟ್ಟದ ಆಚೆ, ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕ, ಅದರ ಒಂದನೇ ಘಟಕ ಕಟ್ಟುತ್ತಿದ್ದಾಗ 1994ರ ಮೇ 13ರಂದು ಗುಮ್ಮಟದ ಕಾಂಕ್ರೀಟು ಪದರ ಕಳಚಿ ಬಿತ್ತು. ಅದೇ ಘಟಕ 2016ರ ಮೇ 13ರಂದು ಮತ್ತೆ ಚಾಲೂ ಆದದ್ದು 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ವಿಶ್ವದಾಖಲೆ ಮಾಡಿ ನಿಂತಿತು. ತಾರೀಕು ಒಂದೇ ಆದದ್ದಕ್ಕೆ ನಮ್ಮ ಜೋಯಿಸರು ಏನನ್ನುತ್ತಾರೋ. ಶಿವರಾಮ ಕಾರಂತರು ಈ ಸ್ಥಾವರವೇ ಬೇಡವೆಂದು ಹೋರಾಡಿ, 1989ರಲ್ಲಿ ಇಳಿವಯಸ್ಸಿನಲ್ಲಿ ಲೋಕಸಭೆ ಚುನಾವಣೆಗೂ ನಿಂತು ಸೋತರು. ಸ್ಥಾವರ ಬೇಕೋ ಬೇಡವೋ ಎಂಬ ಆ ಜಗಳದಲ್ಲಿ ನನ್ನ ಪಾತ್ರವಿಲ್ಲ. ಬೇಕೆಂದವರೂ ಬೇಡವೆಂದವರೂ ನಾವು ಬರೆದದ್ದನ್ನು ಓದುವುದಿಲ್ಲ ಎಂಬಲ್ಲಿ ಮಾತ್ರ ಒಮ್ಮತವಿದೆ.

ಊರಿನಲ್ಲಿ ನನ್ನ ಸ್ಥಾನಮಾನ ಕೇಳಿ. ಅಣು ವಿದ್ಯುತ್ತಿನ ಕೆಲಸ ಎಂದರೆ, ‘ಹಂಗಾರೆ ನಮ್ ಪಂಪ್‌ಸೆಟ್ಟಿಗೆ ಹಗಲು ತ್ರೀ ಫೇಸ್ ಕೊಡ್ಸು ಮಾರಾಯ’ ಅನ್ನುತ್ತಾರೆ. ಕೊಡಿಸಲಾಗುವುದಿಲ್ಲ ಎಂದರೆ ಲೈನ್‌ಮನ್‌ಗಿಂತ ಕೆಳಗಿನ ಹುದ್ದೆ ಎಂದು ತೀರ್ಮಾನ. ಹೆಣ್ಣು ನೋಡಲು ಹೋದಾಗ ಮಾವನಾಗಬಹುದಾಗಿದ್ದವರು ಎರಡೇ ಪ್ರಶ್ನೆ ಕೇಳಿದರು: ಕಾಯಮ್ಮಾ? ಬರೆಯೋದು ಅಂದ್ರೆ ಕಥೆನಾ? ಎರಡಕ್ಕೂ ಅಲ್ಲ ಎಂದೆ. ಉಪ್ಪಿಟ್ಟು ಚೆನ್ನಾಗಿತ್ತು. ಮಳೆಗಾಲದಲ್ಲಿ ಕರೆಂಟು ಹೋದಾಗ ಟರ್ಬೈನು ನಿಂತರೆ ಕೈಗೊಳ್ಳಬೇಕಾದ ಕ್ರಮಗಳನ್ನು ಮೇಣದಬತ್ತಿಯ ಬೆಳಕಿನಲ್ಲಿ ತಿದ್ದಿದ್ದೇನೆ. ಇದನ್ನು ಕಂಪನಿಗೆ ಹೇಳಿಲ್ಲ, ಮೇಣದಬತ್ತಿಗೆ ಬಿಲ್ಲು ಕೇಳುತ್ತಾರೆ.

ಈಗ ನಿಜವಾದ ಅಹವಾಲಿಗೆ ಬರುತ್ತೇನೆ. ಅಣು ತ್ಯಾಜ್ಯ ಹೂತ ಜಾಗದಲ್ಲಿ ಮುಂದಿನ 10,000 ವರ್ಷ ಯಾರೂ ಅಗೆಯದಂತೆ ಎಚ್ಚರಿಕೆ ಬರೆಯುವುದು ಹೇಗೆ ಎಂದು ಅಮೆರಿಕದವರು ಭಾಷಾಶಾಸ್ತ್ರಜ್ಞರು, ಕಲಾವಿದರು, ಮಾನವಶಾಸ್ತ್ರಜ್ಞರನ್ನೆಲ್ಲ ಕೂಡಿಸಿ ತಲೆ ಕೆಡಿಸಿಕೊಂಡರು. ನ್ಯೂ ಮೆಕ್ಸಿಕೋದ ಭೂಗರ್ಭದ ಗೋದಾಮಿಗಾಗಿ ತಯಾರಾದ 1993ರ ವರದಿಯಲ್ಲಿ ಮುಳ್ಳುಗಳಂಥ ಕಲ್ಲುಕಂಬಗಳ ಬಯಲು, ಹೆದರಿದ ಮುಖದ ಚಿತ್ರ, ಇಲ್ಲಿ ಗೌರವಿಸಬೇಕಾದ್ದೇನೂ ಇಲ್ಲ ಎಂಬ ಅರ್ಥದ ಬರಹ, ಎಲ್ಲ ಇವೆ. ಪಾಪ, ಅವರು ಸೊರಬಕ್ಕೆ ಬರಬೇಕಿತ್ತು. ಇಲ್ಲಿ ಗದ್ದೆಗೊಂದು ವೀರಗಲ್ಲು. ಗೌರವಿಸಬೇಕು ಎಂದೇ ನಿಲ್ಲಿಸಿದ ಕಲ್ಲುಗಳು. ಹಲವದರ ಮೇಲೆ ಬಟ್ಟೆ ಒಗೆದಿದ್ದಾರೆ, ಕೆಲವನ್ನು ಕಾಲುವೆಗೆ ಅಡ್ಡ ಹಾಕಿ ದಾಟಿದ್ದಾರೆ. ಗೌರವಿಸು ಎಂದರೂ ಗೌರವಿಸಬೇಡ ಎಂದರೂ ನಮ್ಮ ಜನ ಕಲ್ಲಿನ ಸೈಜು ನೋಡುತ್ತಾರೆ.

ಆದರೆ ನಮ್ಮ ಹಳಬರ ಬಳಿ ಒಂದು ಉಪಾಯವಿತ್ತು. ದಾನ ಕೊಟ್ಟ ಭೂಮಿಯನ್ನು ಕಸಿದವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಶಾಸನದ ಕೊನೆಯಲ್ಲಿ ಬರೆಯುತ್ತಿದ್ದರಲ್ಲ, ಅದನ್ನು ನಾನು ಲೆಕ್ಕ ಹಾಕಿ ನೋಡಿದೆ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24,100 ವರ್ಷ. 60,000 ವರ್ಷವೆಂದರೆ ಸುಮಾರು ಎರಡೂವರೆ ಅರ್ಧಾಯುಷ್ಯ. ಅಷ್ಟರಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆ ಉಳಿದಿರುತ್ತದೆ. ಅಮೆರಿಕದವರ 10,000 ವರ್ಷ ನಮ್ಮ ಶಾಪದ ಆರನೇ ಒಂದು ಭಾಗ. ಅಷ್ಟು ದೂರದ ಮುಂದಾಲೋಚನೆ ಇದ್ದದ್ದು ಶಾಪ ಬರೆದ ನಮ್ಮ ಹಳಬರಿಗೆ ಮಾತ್ರ. ಇಡೀ ಸೊರಬ ತಾಲ್ಲೂಕಿನಲ್ಲಿ ಭೂಮಿ ಒತ್ತುವರಿ ಒಂದೂ ಆಗಿಲ್ಲದಿರುವುದೇ (ತಹಸೀಲ್ದಾರರನ್ನು ಕೇಳಬೇಡಿ) ಇದರ ಪರಿಣಾಮಕ್ಕೆ ಸಾಕ್ಷಿ. ಈ ಹುಳುವಿನ ವಾಕ್ಯವನ್ನು ತ್ಯಾಜ್ಯದ ಎಚ್ಚರಿಕೆ ಫಲಕಕ್ಕೆ ಸೇರಿಸಬೇಕೆಂದು ನಾನು ಪ್ರಸ್ತಾವ ಬರೆದಿದ್ದೇನೆ. ಹುಳುವಿನ ತಳಿ ಯಾವುದು, 60,000ಕ್ಕೆ ಆಧಾರವೇನು ಎಂದು ತಪಾಸಕರು ವಾಪಸು ಕಳಿಸಿದ್ದಾರೆ.

ಅದಕ್ಕೇ ನಿಮ್ಮಲ್ಲಿ ವಿನಂತಿ. ಪ್ರಸ್ತಾವವನ್ನು ಮತ್ತೆ ಸಲ್ಲಿಸಲು ಗಡುವು ಹತ್ತಿರವಿದೆ, ನನ್ನ ಗುತ್ತಿಗೆಯ ಗಡುವು ಅದಕ್ಕಿಂತ ಹತ್ತಿರವಿದೆ. ಪರಿಶೀಲಿಸಿದವರು ಎಂಬ ಚೌಕದಲ್ಲಿ ಕಾಯಂ ನೌಕರರೊಬ್ಬರ ಸಹಿ ಇರಲೇಬೇಕಂತೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಹುಡುಕಿದರೂ ನಿಮ್ಮಷ್ಟು ಕಾಯಂ ಆದವರು ನನಗೆ ಕಾಣುತ್ತಿಲ್ಲ. ದಯವಿಟ್ಟು ಕೆಳಗೆ ಗುರುತು ಮಾಡಿರುವಲ್ಲಿ ಸಹಿ ಮಾಡಿ. ಪೆನ್ನು ನಡೆಯುತ್ತದೆ, ಉಳಿ ಬೇಡ; ಸ್ಕ್ಯಾನ್ ಆಗುವುದಿಲ್ಲ.

ಇಂತಿ ತಮ್ಮ ವಿಧೇಯ,
ಗುತ್ತಿಗೆ ಬರಹಗಾರ, ಸೊರಬ
(ಹೆಸರಿಗೆ ಅನುಮೋದನೆ ಬಾಕಿ)