ಸಂಧಾನದ ರಾಯರು

ರಾಯರ ಮನೆಗೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಈಶಾನ್ಯಕ್ಕೆ ತಿರುಗಿ ಮೀನುಗಳ ಯೋಗಕ್ಷೇಮ ವಿಚಾರಿಸಬೇಕು. ವಿಚಾರಿಸದೆ ಸೋಫಾದ ಮೇಲೆ ಕೂತವರಿಗೂ ಕಾಫಿ ಬರುತ್ತದೆ. ತಡವಾಗಿ ಬರುತ್ತದೆ, ಆರಿ ಬರುತ್ತದೆ.

ಈಶಾನ್ಯದಲ್ಲಿರುವುದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ಟ್ಯಾಂಕು. ಗುಣಿಸಿದರೆ ಒಂಬತ್ತು ಘನ ಅಡಿ, ಅಂದರೆ ಸುಮಾರು 250 ಲೀಟರ್ ನೀರು. ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಬಿಟ್ಟೇ ಕಾಲು ಟನ್ ಭಾರ. ಕೆಳಗಿನ ಮನೆಯವರು ಊಟಕ್ಕೆ ಕೂತಾಗ ನಡುನಡುವೆ ಸೀಲಿಂಗ್ ನೋಡುವ ಅಭ್ಯಾಸ ಮಾಡಿಕೊಂಡಿದ್ದಾರೆ. ರಾಯರಿಗೆ ಅದರ ಚಿಂತೆಯಿಲ್ಲ. ಮನೆಯ ಈಶಾನ್ಯ ಮೂಲೆಯಲ್ಲಿ ನೀರಿದ್ದರೆ ಒಳ್ಳೆಯದೆಂದು ವಾಸ್ತು ಹೇಳಿದೆ, ಆ ನೀರಿನೊಳಗೆ ಶಾಂತಿ ಇರಬೇಕೆಂದು ರಾಯರು ಹೇಳಿದ್ದಾರೆ.

ಶಾಂತಿ ಅವರ ವೃತ್ತಿ. ಕಾರ್ಮಿಕ ಇಲಾಖೆಯಲ್ಲಿ ಸಂಧಾನಾಧಿಕಾರಿಯಾಗಿದ್ದು ನಿವೃತ್ತರಾದವರು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಅವರಿಗೆ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಪಾಠ. ಮಾಲೀಕರನ್ನು ಒಂದು ಪಕ್ಕ, ಯೂನಿಯನ್ನಿನವರನ್ನು ಇನ್ನೊಂದು ಪಕ್ಕ ಕೂರಿಸಿ, ಇಬ್ಬರಿಗೂ ಟೀ ತರಿಸಿ, “ನೀವೊಂಚೂರು ಬಿಡಿ, ಅವ್ರೊಂಚೂರು ಬಿಡ್ಲಿ” ಎನ್ನುವುದು ಅವರ ಇಡೀ ಸರ್ವೀಸಿನ ಸಾರ. ಸಂಧಾನ ಶುರುವಾದ 14 ದಿನದೊಳಗೆ ವರದಿ ಕಳಿಸಬೇಕೆಂದು ಆ ಕಾಯ್ದೆಯ 12ನೇ ಕಲಮು ಹೇಳುತ್ತಿತ್ತು. ನಿವೃತ್ತಿಯಾದ ಮೇಲೆ ಸಂಧಾನ ಮಾಡಲು ಮನೆಯಲ್ಲಿ ವಿವಾದವೇ ಇರಲಿಲ್ಲ. ಅವರ ಮನೆಯವರು ಮದುವೆಯಾದ ವಾರದಲ್ಲೇ ಎಲ್ಲ ವಿವಾದಗಳನ್ನೂ ಗೆದ್ದು ಮುಗಿಸಿದ್ದರು. ಹಾಗಾಗಿ ರಾಯರು ಮೀನು ತಂದರು.

ಶುರುವಿನಲ್ಲಿ ಎಲ್ಲ ಸರಿಯಾಗೇ ಇತ್ತು. ಹನ್ನೆರಡು ನಿಯಾನ್ ಟೆಟ್ರಾ, ಆರು ಗಪ್ಪಿ, ಎರಡು ಮಾಲಿ. ನಿಯಾನ್ ಟೆಟ್ರಾ ಅಂದರೆ ಅಮೆಜಾನ್ ಸೀಮೆಯ ಮೀನು. ಒಂದೂವರೆ ಇಂಚು ದಾಟದ ಮೈ, ಅದರ ಮೇಲೊಂದು ನೀಲಿ ಗೆರೆ, ಕೆಳಗೊಂದು ಕೆಂಪು ಗೆರೆ. ಗುಂಪಿನಲ್ಲಿ ಬರುತ್ತವೆ, ಗುಂಪಿನಲ್ಲಿ ಹೋಗುತ್ತವೆ, ಯಾರ ತಂಟೆಗೂ ಇಲ್ಲ. ಯಾರೂ ಯಾರ ಜೊತೆಗೂ ಜಗಳವಾಡದ ಆ ಟ್ಯಾಂಕಿನ ಮುಂದೆ ಕೂತು ರಾಯರಿಗೆ ಒಂದೇ ತಿಂಗಳಲ್ಲಿ ಬೇಜಾರು ಹಿಡಿಯಿತು. “ಟ್ಯಾಂಕ್ ಅಂದ್ರೆ ಸಮಾಜ ಕಣ್ರೀ. ಬರೀ ಸಣ್ಣವ್ರೇ ಇದ್ರೆ ಹೆಂಗೆ? ದೊಡ್ಡವ್ರೂ ಇರ್ಬೇಕು. ಇಬ್ರೂ ಹೊಂದ್ಕೊಂಡು ಹೋಗ್ಬೇಕು.”

ಹೀಗೆಂದುಕೊಂಡು ಅವರು ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರುಕಟ್ಟೆಯ ಆಸುಪಾಸಿನ ಮೀನಿನ ಅಂಗಡಿಗಳಲ್ಲಿ ಪಾಲಿಥಿನ್ ಕವರಿನಲ್ಲಿ ಆಮ್ಲಜನಕ ತುಂಬಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಡುವ ಎರಡು ಇಂಚಿನ ಮರಿಗಳಲ್ಲಿ ಆಸ್ಕರ್ ಒಂದು. ಆ ವಯಸ್ಸಿನಲ್ಲಿ ಅದರಷ್ಟು ಮುದ್ದಾದ ಮೀನು ಇನ್ನೊಂದಿಲ್ಲ. ಕಪ್ಪು ಮೈ, ಕೆಂಡದ ಬಣ್ಣದ ಚಿತ್ತಾರ, ಅಂಗಡಿಗೆ ಬಂದವರ ಕಡೆಗೆ ಕಣ್ಣು ಹೊರಳಿಸಿ ನೋಡುವ ಗತ್ತು.

“ಎಷ್ಟು ದೊಡ್ದಾಗುತ್ತಪ್ಪ ಇದು?”

“ಟ್ಯಾಂಕ್ ಎಷ್ಟೋ ಅಷ್ಟೇ ಬೆಳೀತದೆ ಸಾರ್. ಅದುಕ್ಕೆ ಗೊತ್ತಾಗ್ತದೆ.”

ಮೀನಿನ ವ್ಯಾಪಾರದಲ್ಲಿ ಇಷ್ಟು ದೀರ್ಘಾಯುಷ್ಯದ ಸುಳ್ಳು ಇನ್ನೊಂದಿಲ್ಲ. ಆಸ್ಕರ್ ಟ್ಯಾಂಕಿನ ಅಳತೆ ನೋಡುವುದಿಲ್ಲ. ಹೊಟ್ಟೆಗೆ ಸರಿಯಾಗಿ ಹಾಕಿದರೆ ಮೊದಮೊದಲು ತಿಂಗಳಿಗೆ ಹೆಚ್ಚುಕಡಿಮೆ ಒಂದಿಂಚು ಬೆಳೆಯುತ್ತಾ ಹೋಗಿ ಒಂದಡಿಗೆ ನಿಲ್ಲುತ್ತದೆ. ಟ್ಯಾಂಕ್ ಸಾಲದಿದ್ದರೆ ಅದು ಚಿಕ್ಕದಾಗುವುದಿಲ್ಲ, ರೋಗಿಯಾಗುತ್ತದೆ. ರಾಯರಿಗೆ ಇದನ್ನು ಹೇಳಿದವರಿದ್ದರು. ಅದೂ ಅಲ್ಲದೆ ಮೀನು ಸಾಕುವವರಲ್ಲಿ ಒಂದು ಮಾತಿದೆ, ಬಾಯಿಗೆ ಹಿಡಿಸುವುದೆಲ್ಲ ಊಟವೇ ಎಂದು. ಅದನ್ನೂ ಹೇಳಿದರು. ರಾಯರು ನಕ್ಕು, “ಚಿಕ್ಕಂದಿನಿಂದ ಒಟ್ಟಿಗೆ ಬೆಳೆದ್ರೆ ಹಾಗಾಗಲ್ಲ. ಅಲ್ದೆ ನಮ್ಮನೇಲಿ ಯಾರೂ ಮೀನು ತಿನ್ನಲ್ಲ. ಇವ್ನೂ ತಿನ್ನಲ್ಲ” ಎಂದರು.

ರಾಯರು ಒಬ್ಬರೇ ಅಲ್ಲ. ಗಪ್ಪಿಗಳ ನಡುವೆ ಅರೋವಾನ ಬಿಟ್ಟವರು, ಏಂಜಲ್ ಮೀನಿನ ಹೆಸರು ನೋಡಿ ಮೋಸಹೋಗಿ ಜೊತೆಗೆ ಟೆಟ್ರಾ ತಂದವರು, ಮೂರಿಂಚಿನ ಕೆಂಪುಬಾಲದ ಕ್ಯಾಟ್‌ಫಿಶ್ ಮುಂದೆ ನಾಲ್ಕಡಿ ಬೆಳೆಯುತ್ತದೆಂದು ತಿಳಿದೂ ತಿಳಿದೂ ತಂದವರು, ಎಲ್ಲರೂ ಒಂದೇ ಬಳಗ. ಅವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. “ಬೇರೆಯವ್ರ ಆಸ್ಕರ್ ಹಾಗೆ ಮಾಡುತ್ತೆ ಸಾರ್, ನಮ್ಮದು ಹಾಗಲ್ಲ” ಎನ್ನುತ್ತಾರೆ. ಪೇರೆಂಟ್ಸ್ ಮೀಟಿಂಗಿನಲ್ಲೂ ನಾನು ಈ ವಾಕ್ಯವನ್ನು ಕೇಳಿದ್ದೇನೆ.

ಮೂರು ತಿಂಗಳಿಗೆ ಟೆಟ್ರಾಗಳು ಹನ್ನೆರಡರಿಂದ ಒಂಬತ್ತಾದವು.

“ಗಿಡದ ಹಿಂದೆ ಇರ್ತಾವೆ” ಎಂದರು ರಾಯರು.

ಆಮೇಲೆ ಆರಾದವು. “ರಾತ್ರಿ ಹೊತ್ತು ನಿಯಾನ್ ಬಣ್ಣ ಬಿಡುತ್ತೆ ಕಣ್ರೀ, ಹಾಗಾಗಿ ಕಾಣಿಸಲ್ಲ.” ಇದು ಸುಳ್ಳಲ್ಲ. ದೀಪ ಆರಿದ ಮೇಲೆ ನಿಯಾನ್ ಟೆಟ್ರಾಗಳ ಗೆರೆ ಮಂಕಾಗುತ್ತದೆ, ಬೆಳಕಾದ ಮೇಲೆ ಮರಳುತ್ತದೆ. ಆದರೆ ರಾಯರು ಎಣಿಸುತ್ತಿದ್ದುದು ಬೆಳಗಿನ ಹತ್ತು ಗಂಟೆಗೆ.

ಕಡೆಗೆ ಅವರ ಮನೆಯವರೇ ಬಾಯಿ ಬಿಟ್ಟರು. “ಏನೂಂದ್ರೆ, ಬೆಳಗ್ಗೆ ಐದಕ್ಕೆ ಹಾಲಿಗೆ ಅಂತ ಎದ್ದಾಗ ಕಣ್ಣಾರೆ ಕಂಡೆ. ಬಾಯಿಂದ ಬಾಲ ಆಚೆ ಇತ್ತು.”

“ಒಬ್ರೇ ಸಾಕ್ಷಿ ಆದ್ರೆ ಸಾಲ್ದು ಕಣೇ” ಎಂದರು ರಾಯರು.

ಗಿಡದ ಹಿಂದೆ ಎನ್ನುವ ಸಮಜಾಯಿಷಿಯೂ ಬಹಳ ದಿನ ಉಳಿಯಲಿಲ್ಲ, ಗಿಡಗಳೇ ಉಳಿಯಲಿಲ್ಲವಲ್ಲ! ಆಸ್ಕರ್‌ಗೆ ಮನೆಯ ಸಾಮಾನನ್ನು ತನ್ನ ಇಷ್ಟದಂತೆ ಜೋಡಿಸಿಕೊಳ್ಳುವ ಚಟ. ಗಿಡ ಕೀಳುತ್ತದೆ, ಜಲ್ಲಿಯನ್ನು ಬಾಯಲ್ಲಿ ತುಂಬಿಕೊಂಡು ಇನ್ನೊಂದು ಮೂಲೆಗೆ ಉಗುಳುತ್ತದೆ, ಥರ್ಮಾಮೀಟರನ್ನು ನೂಕಿ ನೋಡುತ್ತದೆ. ನೀರು ಬದಲಾಯಿಸಿದ ದಿನ ಮುನಿಸಿಕೊಂಡು ಒಂದು ಮಗ್ಗುಲಿಗೆ ತಳದಲ್ಲಿ ಮಲಗಿಬಿಡುತ್ತದೆ. ಮೊದಲ ಸಲ ಅದನ್ನು ನೋಡಿ ಮನೆಯವರು “ಅಯ್ಯೋ, ಹೋಯ್ತು” ಎಂದು ಗಾಬರಿಯಾದರೆ ರಾಯರು ಮಾತ್ರ ಬಗ್ಗಿ ನೋಡಿ ಮುಖ ಅರಳಿಸಿದರು. “ಸತ್ತಿಲ್ಲ. ಧರಣಿ ಕೂತಿದೆ.” ಬಹಳ ವರ್ಷಗಳ ಮೇಲೆ ಅವರಿಗೆ ಕೈತುಂಬ ಕೆಲಸ ಸಿಕ್ಕಿತ್ತು.

ಅಂದಿನಿಂದ ಟ್ಯಾಂಕಿಗೆ ಕಚೇರಿಯ ಕಳೆ ಬಂತು. ಹೊಸ ಮೀನು ಬಿಡುವ ಮುಂಚೆ ಕಲ್ಲು, ಮಡಕೆಚೂರುಗಳ ಜಾಗ ಬದಲಾಯಿಸಿದರೆ ಹಳೆಯ ಮೀನಿಗೆ ತನ್ನ ಗಡಿ ಮರೆತುಹೋಗಿ ಜಗಳ ಕಡಿಮೆಯಾಗುತ್ತದೆ ಎಂಬುದು ಸಾಕುವವರು ಬಲ್ಲ ಉಪಾಯ. ರಾಯರು ಇದಕ್ಕೆ ‘ಸಾರ್ವತ್ರಿಕ ವರ್ಗಾವಣೆ’ ಎಂದು ಹೆಸರಿಟ್ಟರು. ತೀರಾ ಪುಂಡಾಟ ಮಾಡಿದ ಮೀನನ್ನು ಕೆಲವು ದಿನ ಬೇರೆ ಇಟ್ಟು ಆಮೇಲೆ ಬಿಡುವುದೂ ಉಂಟು, ಅದು ಅಮಾನತು. ಅಮಾನತಿನ ಕಾಲದಲ್ಲಿ ಬಚ್ಚಲುಮನೆಯ ಬಕೀಟಿನಲ್ಲಿ ವಾಸ, ಅರ್ಧ ಸಂಬಳ, ಅಂದರೆ ಹತ್ತು ಕಾಳಿಗೆ ಐದು ಕಾಳು. ಏಕಾದಶಿಗೆ ಇಡೀ ಟ್ಯಾಂಕಿಗೆ ಉಪವಾಸ. ಇದನ್ನು ಕೇಳಿ ನಗುವವರು ನಕ್ಕರು, ಆದರೆ ಮೀನುಗಳನ್ನು ಆಗಾಗ ಒಂದು ದಿನ ಖಾಲಿ ಹೊಟ್ಟೆಯಲ್ಲಿ ಇಡುವುದು ಒಳ್ಳೆಯದೇ. ರಾಯರ ಆಡಳಿತದಲ್ಲಿ ವಿಜ್ಞಾನ ಆಕಸ್ಮಿಕವಾಗಿ ಬಂದು ಹೋಗುತ್ತಿರುತ್ತದೆ.

ಆಫ್ರಿಕಾದ ಮಲಾವಿ ಸರೋವರದ ಜಗಳಗಂಟಿ ಸಿಕ್ಲಿಡ್‌ಗಳನ್ನು ಬೇಕೆಂದೇ ಒತ್ತೊತ್ತಾಗಿ ಸಾಕುತ್ತಾರೆಂದು ಅವರಿಗೆ ಯಾರೋ ಹೇಳಿದರು. ಗುಂಪು ದೊಡ್ಡದಾದರೆ ಒಂದೇ ಮೀನಿಗೆ ಎಲ್ಲ ಏಟೂ ಬೀಳದೆ ಹಂಚಿಹೋಗುತ್ತದೆ. ರಾಯರಿಗೆ ಇದು ಹಿಡಿಸಿತು. “ಬಿಎಂಟಿಸಿ ಬಸ್ಸಲ್ಲಿ ಬೆಳಗ್ಗೆ ಒಂಬತ್ತಕ್ಕೆ ಯಾರಾದ್ರೂ ಹೊಡೆದಾಡ್ತಾರೇನ್ರಿ? ಕೈ ಎತ್ತಕ್ಕೆ ಜಾಗ ಎಲ್ಲಿದೆ?” ಎಂದು ಹೇಳಿ ಇನ್ನೂ ಇಪ್ಪತ್ತು ಟೆಟ್ರಾ ತಂದು ಸುರಿದರು. ಮಲಾವಿಯಲ್ಲಿ ಒಂದೇ ಅಳತೆಯ ಮೀನುಗಳು ಒಂದಕ್ಕೊಂದು ಗುದ್ದುತ್ತವೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಸ್ಕರ್ ತೆಗೆದುಕೊಂಡಿತು. ಅದು ಆ ವಾರ ಕಾಳು ಮುಟ್ಟಲಿಲ್ಲ. “ನೋಡಿ, ಎಷ್ಟು ಸಂಯಮ!” ಎಂದರು ರಾಯರು.

ನಿಷ್ಪಕ್ಷಪಾತಿ ಸದಸ್ಯನಾಗಿ ಒಂದು ಸಕ್ಕರ್ ಮೀನನ್ನೂ ತಂದಿದ್ದರು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುತ್ತದೆ, ಯಾರ ಪರವೂ ಅಲ್ಲ, ಮೈಯೆಲ್ಲ ಕವಚ. ಅದೂ ಒಂದಡಿ ದಾಟಿ ಬೆಳೆಯುತ್ತದೆ, ಪಾಚಿ ಸಾಲದಾದಾಗ ರಾತ್ರಿ ಮಲಗಿದ ಮೀನುಗಳ ಮೈಯ ಲೋಳೆಯನ್ನು ಹೆರೆಯಲು ಹೋಗುತ್ತದೆ. ನಿಷ್ಪಕ್ಷಪಾತವೇನೋ ಹೌದು, ಎಲ್ಲರನ್ನೂ ಹೆರೆಯುತ್ತದೆ.

ಇಷ್ಟರಲ್ಲಿ ಅಳಿಯಂದಿರು ಗೃಹಶಾಂತಿಗೆಂದು ಫ್ಲವರ್‌ಹಾರ್ನ್ ಉಡುಗೊರೆ ಕೊಟ್ಟರು. ಇದು ಯಾವ ನದಿಯ ಮೀನೂ ಅಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಸಿಕ್ಲಿಡ್‌ಗಳನ್ನು ಬೆರಸಿ ಮಾಡಿದ ತಳಿ. ಹಣೆಯ ಮೇಲೆ ದೊಡ್ಡ ಗಡ್ಡೆ, ಪಕ್ಕೆಯ ಮೇಲೆ ಅಕ್ಷರದ ಹಾಗೆ ಕಾಣುವ ಮಚ್ಚೆಗಳು. ಆ ಮಚ್ಚೆಯಲ್ಲಿ ಅದೃಷ್ಟ ಓದುವವರಿದ್ದಾರೆ, ಗಡ್ಡೆ ದೊಡ್ಡದಾದಷ್ಟೂ ಬೆಲೆ ಹೆಚ್ಚು. ಗಡ್ಡೆಯ ಒಳಗಿರುವುದು ಮಿದುಳಲ್ಲ ಎಂಬುದು ಮೊದಲನೇ ದಿನವೇ ಗೊತ್ತಾಯಿತು. ಗಾಜಿನಲ್ಲಿ ಕಂಡ ತನ್ನ ನೆರಳಿನ ಮೇಲೆ ಎರಗಿತು, ಒರಸಲು ಹೋದ ರಾಯರ ಬೆರಳು ಕಚ್ಚಿತು, ಡಿಸೆಂಬರಿನ ಚಳಿಗೆಂದು ಹಾಕಿದ್ದ ಹೀಟರಿನ ಜೊತೆ ಯುದ್ಧ ಹೂಡಿತು. ಆಸ್ಕರ್ ಎಂಬ ಆಸ್ಕರ್ ಫಿಲ್ಟರಿನ ಹಿಂದೆ ಸೇರಿಕೊಂಡಿತು. ಅಂದಿನಿಂದ ರಾಯರ ವ್ಯಾಖ್ಯಾನದಲ್ಲಿ ಆಸ್ಕರ್ ಬಡಪಾಯಿ ವರ್ಗಕ್ಕೆ ಸೇರಿತು. ಉಳಿದಿದ್ದ ನಾಲ್ಕು ಟೆಟ್ರಾಗಳಿಗೆ ವರ್ಗವೇ ಇರಲಿಲ್ಲ.

ನಡುವೆ ಗಾಜಿನ ಹಲಗೆ ಇಳಿಸಿ ಎಂದರು ಎಲ್ಲರೂ. “ಮನೆ ಪಾಲು ಮಾಡೋದು ಸುಲಭ, ಒಟ್ಟಿಗೆ ಇಡೋದು ಕಷ್ಟ” ಎಂದು ರಾಯರು ಒಪ್ಪಲಿಲ್ಲ. ಕೆರೆಗೆ ಬಿಟ್ಟುಬನ್ನಿ ಎಂದರು ಕೆಲವರು. ಇದೊಂದು ವಿಷಯದಲ್ಲಿ ರಾಯರ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ. ಸಾಕಲಾರದ ಮೀನನ್ನು ಕೆರೆಗೆ ಸುರಿದು ಪುಣ್ಯ ಕಟ್ಟಿಕೊಂಡವರ ದೆಸೆಯಿಂದಲೇ ದೇಶದ ಎಷ್ಟೋ ಕೆರೆಗಳಲ್ಲಿ ಇಂದು ಬಲೆ ಎಳೆದರೆ ಸಕ್ಕರ್ ಬರುತ್ತದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ರಾಯರು ಹೇಳಿದ್ದಿಷ್ಟೇ: “ನಮ್ಮನೆ ವಿವಾದನ ಊರಿಗೆ ಹಂಚಬಾರದು.”

ಬದಲಿಗೆ ಅವರು ಮನುವಿನ ಕತೆ ಹೇಳುತ್ತಾರೆ. ಶತಪಥ ಬ್ರಾಹ್ಮಣದಲ್ಲಿದೆ. ಮನುವಿನ ಕೈಗೆ ಬಂದ ಪುಟ್ಟ ಮೀನು, ದೊಡ್ಡ ಮೀನುಗಳು ನನ್ನನ್ನು ನುಂಗುತ್ತವೆ, ಕಾಪಾಡು ಎಂದು ಬೇಡಿತು. ಅವನು ಅದನ್ನು ಗಡಿಗೆಯಲ್ಲಿಟ್ಟ, ಗಡಿಗೆ ಸಾಲದಾದಾಗ ಹಳ್ಳ ತೋಡಿಬಿಟ್ಟ, ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ದ. ಟ್ಯಾಂಕ್ ದೊಡ್ಡದು ಮಾಡುತ್ತಾ ಹೋಗುವ ಹುಚ್ಚಿಗೆ ಮನುವೇ ಮೂಲಪುರುಷ ಎಂದು ರಾಯರ ವಾದ, ಆರಡಿ ಟ್ಯಾಂಕಿಗೆ ಹಣ ಕೇಳುವಾಗ ಮನೆಯವರ ಮುಂದೆ ಈ ಕತೆ ಬರುತ್ತದೆ. “ಮನು ಕೊನೆಗೆ ಸಮುದ್ರಕ್ಕೆ ಬಿಟ್ಟನಲ್ಲ, ನೀವೂ ಬಿಡಿ” ಎಂದು ಅವರು ಒಮ್ಮೆ ಸವಾಲು ಹಾಕಿದರು. ಪಾಪ, ಅದಕ್ಕೂ ದಾರಿಯಿಲ್ಲ. 1831ರಲ್ಲಿ ಆಸ್ಕರನ್ನು ಮೊದಲು ವರ್ಣಿಸಿದ ಲೂಯಿ ಅಗಾಸೀ ಎಂಬ ವಿದ್ವಾಂಸರೇ ಅದನ್ನು ಸಮುದ್ರದ ಮೀನೆಂದು ತಪ್ಪು ತಿಳಿದಿದ್ದರು. ಅದು ಅಪ್ಪಟ ಸಿಹಿನೀರಿನದು, ಮಂಗಳೂರಿಗೆ ಒಯ್ದರೂ ಪ್ರಯೋಜನವಿಲ್ಲ. ಮಂಗಳೂರಿನ ಮಾತು ಬಂತಲ್ಲ, ದಕ್ಷಿಣ ಕನ್ನಡದ ಹೊಳೆಗಳಲ್ಲಿ ನಮ್ಮದೇ ಒಂದು ಸಿಕ್ಲಿಡ್ ಇದೆ. ಅದರ ವೈಜ್ಞಾನಿಕ ಹೆಸರಿನಲ್ಲೇ ಕೆನರಾ ಇದೆ, ಮೈಮೇಲೆ ಮುತ್ತಿನ ಚುಕ್ಕಿಗಳಿವೆ, ಸ್ವಭಾವ ಎಷ್ಟೋ ಸೌಮ್ಯ. ರಾಯರಿಗೆ ತೋರಿಸಿದೆ. “ಇದಕ್ಕೆ ಸಂಧಾನವೇ ಬೇಡ್ವಲ್ರೀ” ಎಂದು ನಿರಾಸೆಯಿಂದ ತಲೆಯಾಡಿಸಿದರು.

ಇಂಥವರನ್ನು ಅಪಾರ್ಟ್‌ಮೆಂಟ್ ಸಂಘದವರು ಬಿಡುತ್ತಾರೆಯೇ? ಪಾರ್ಕಿಂಗ್ ಜಗಳ ಬಗೆಹರಿಸಲು ರಾಯರನ್ನೇ ಕೂರಿಸಿದರು. ಎರಡನೇ ಮಹಡಿಯವರು ಹೊಸದಾಗಿ ತಂದ ದೊಡ್ಡ ಕಾರು ತನ್ನ ಗೆರೆ ದಾಟಿ ಸ್ಕೂಟರ್ ನಿಲ್ಲಿಸುವ ಜಾಗದ ಮೇಲೆ ಅರ್ಧ ಮಲಗಿತ್ತು. ರಾಯರು ಕಾರಿನವರನ್ನು ಒಂದು ಪಕ್ಕ, ಸ್ಕೂಟರಿನವರನ್ನು ಇನ್ನೊಂದು ಪಕ್ಕ ಕೂರಿಸಿದರು, ಟೀ ತರಿಸಿದರು. ಕಾರು ದೊಡ್ಡದು, ಅದನ್ನು ಚಿಕ್ಕದು ಮಾಡಲಾಗುವುದಿಲ್ಲ, ಸ್ಕೂಟರುಗಳಾದರೆ ಸಣ್ಣವು, ಎಲ್ಲಿ ಬೇಕಾದರೂ ತೂರುತ್ತವೆ, ಆದ್ದರಿಂದ ಸ್ಕೂಟರಿನವರು ಒಂಚೂರು ಹೊಂದಿಕೊಂಡರೆ 14 ದಿನ ನೋಡೋಣ ಎಂದು ತೀರ್ಪಿನ ಕಡೆಗೆ ಸಾಗಿದರು.

ನೆಲಮಹಡಿಯ ಟೀಚರಮ್ಮ ಟೀ ಲೋಟ ಕೆಳಗಿಟ್ಟರು. “ಆಗ್ಲಿ ಸಾರ್. ನಾಳೆ ಬೆಳಗ್ಗೆ ನನ್ ಸ್ಕೂಟರ್ ಕಾಣ್ದೇ ಹೋದ್ರೆ ಯಾವ ಗಿಡದ ಹಿಂದೆ ಹುಡುಕ್ಲಿ?”

ಎಲ್ಲರೂ ನಕ್ಕರು, ಕಾರಿನವರೂ ನಕ್ಕರು. ರಾಯರು ಮಾತ್ರ ನಗದೆ, ಕನ್ನಡಕ ಸರಿಮಾಡಿಕೊಂಡು, ನಡಾವಳಿ ಪುಸ್ತಕದಲ್ಲಿ ದುಂಡಾದ ಅಕ್ಷರದಲ್ಲಿ ಬರೆದರು: ‘ಆವರಣದಲ್ಲಿ ಹೊಸದಾಗಿ ಗಿಡಗಳನ್ನು ನೆಡುವ ಬಗ್ಗೆ ಸದಸ್ಯರೊಬ್ಬರು ನೀಡಿದ ಸಲಹೆಯನ್ನು ಪರಿಶೀಲಿಸಲಾಗುವುದು.’